ಕೆಂಪು ದಾರ ಕಟ್ಟಿದ ಪುಟ

ರಕ್ತವನ್ನು ತೊಳೆದವರು ಯಾರು ಎಂಬುದು ದೊಡ್ಡಮ್ಮನಿಗೆ ಬೆಳಗ್ಗೆಯಿಂದ ಬಗೆಹರಿದಿರಲಿಲ್ಲ. ಓದುತ್ತಿದ್ದ ಕಾದಂಬರಿಯ ನೂರ ಹನ್ನೆರಡನೆಯ ಪುಟದಲ್ಲಿ ಆ ಹುಡುಗಿ ಸೇತುವೆಯ ಕೆಳಗೆ ಹೊಗೆಯ ಮೈಯವನನ್ನು ಸೀಳುತ್ತಾಳೆ. ಅವನ ರಕ್ತ ಅವಳ ಬಿಳಿ ಅಂಗಿಯ ತೋಳಿನಿಂದ ಎದೆಯವರೆಗೂ ಚಿಮ್ಮುತ್ತದೆ. ಹೊಗೆಯ ಮೈಯವನಿಗೆ ರಕ್ತ ಎಲ್ಲಿಂದ ಬಂತೆಂದು ಕೇಳಬಾರದು. ನೂರ ಹದಿನಾಲ್ಕರಲ್ಲಿ ಅದೇ ಬಿಳಿ ಅಂಗಿ ತೊಟ್ಟು, ಮಲ್ಲಿಗೆಯಂತೆ ಬೆಳ್ಳಗೆ, ಗೆಳೆಯನ ಎದುರು ಕೂತಿರುತ್ತಾಳೆ. ಹಾಳೆ ಅಂಟಿಕೊಂಡಿದೆಯೇನೋ ಎಂದು ದೊಡ್ಡಮ್ಮ ಎಂಜಲು ಬೆರಳಿನಿಂದ ಬಿಡಿಸಿಯೂ ನೋಡಿದ್ದಳು. ನಡುವಿನ ಪುಟದಲ್ಲಿ ಬರೀ ಚಂದ್ರನಿದ್ದ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಒತ್ತಿಕೊಂಡ ಕಲ್ಲಿನ ಮೇಜಿನ ಮುಂದೆ, ಮೂವತ್ತನಾಲ್ಕು ವರ್ಷಗಳಿಂದ ಅವಳದು ಕಲೆ ತೆಗೆಯುವ ಕೆಲಸ. ಮಸಿ, ಎಣ್ಣೆ, ತುಕ್ಕು, ತುಟಿಯ ಬಣ್ಣ, ಕೂಸು ಕಕ್ಕಿದ ಹಾಲು, ಒಂದೊಂದಕ್ಕೆ ಒಂದೊಂದು ಸ್ವಭಾವ. ರಕ್ತದ್ದು ಹಟದ ಸ್ವಭಾವ. ಉಪ್ಪು ಹಾಕಿದ ತಣ್ಣೀರಿನಲ್ಲಿ, ಬಟ್ಟೆಯ ಒಳಮಗ್ಗುಲಿನಿಂದ, ಮಗುವಿನ ಬೆನ್ನು ತಟ್ಟುವ ಹಾಗೆ ತಟ್ಟಬೇಕು. ಉಜ್ಜಿದರೆ ಹರಡುತ್ತದೆ. ಬಿಸಿ ತಾಗಿದರೆ ನೂಲಿನೊಳಗೇ ಬೆಂದು ಕೂತುಬಿಡುತ್ತದೆ, ಆಮೇಲೆ ಬ್ರಹ್ಮ ಬಂದರೂ ಬಿಡಿಸಲಾರ. ಇಷ್ಟೆಲ್ಲ ಇರುವಾಗ ಜಗತ್ತನ್ನು ಉಳಿಸುವ ಹುಡುಗಿ ಒಂದು ಬಕೆಟ್ ನೀರಿಗಾದರೂ ಕೈ ಹಾಕಬೇಡವೇ?

ಈ ಪುಸ್ತಕಗಳನ್ನು ತಂದುಕೊಡುತ್ತಿದ್ದವಳು ತಂಗಿಯ ಮಗಳು. ದೊಡ್ಡಮ್ಮನ ಜೊತೆಯಲ್ಲೇ ಇದ್ದುಕೊಂಡು, ಅದೇ ಲಾಂಡ್ರಿಯ ಕೌಂಟರಿನಲ್ಲಿ ಕೂತು ಬಟ್ಟೆ ಎಣಿಸಿಕೊಂಡು ಚೀಟಿ ಬರೆಯುತ್ತಿದ್ದಳು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಓದಿ ಮುಗಿಸಿದ್ದನ್ನು ಹಿಂದಕ್ಕೆ ದಾಟಿಸುತ್ತಿದ್ದಳು. ಮೊದಲ ಸಲ ದೊಡ್ಡಮ್ಮ ಇದೇನೇ ಎಂದು ಕೇಳಿದ್ದಕ್ಕೆ, "ಹಳೇ ಕಥೇಲಿ ದೆವ್ವ ಕಾಡಲ್ಲಿರ್ತಿತ್ತು, ಇದರಲ್ಲಿ ಲಿಫ್ಟಲ್ಲಿರುತ್ತೆ. ಅಷ್ಟೇ ವ್ಯತ್ಯಾಸ" ಎಂದಿದ್ದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ದೊಡ್ಡಮ್ಮ ತುಟಿ ಅಲ್ಲಾಡಿಸುತ್ತಾ, ತಿಂಗಳಿಗೊಂದರಂತೆ, ಹನ್ನೊಂದು ಪುಸ್ತಕ ಓದಿದ್ದಳು. ಲಿಫ್ಟಿನ ದೆವ್ವದ ಮೇಲೆ ಅವಳಿಗೆ ಯಾವ ತಕರಾರೂ ಇರಲಿಲ್ಲ. ಲಿಫ್ಟೆಂದರೆ ಮೊದಲೇ ಅವಳಿಗೆ ಎದೆ ಡವಡವ. ತಕರಾರಿದ್ದದ್ದು ಹುಡುಗಿಯರ ಮೇಲೆ. ಹನ್ನೊಂದು ಪುಸ್ತಕದಲ್ಲಿ ಹನ್ನೊಂದು ಹುಡುಗಿಯರು, ಹನ್ನೊಂದೂ ಜನಕ್ಕೆ ಬಿರುಬೇಸಗೆಯಲ್ಲೂ ಕಪ್ಪು ಚರ್ಮದ ಕೋಟು. ಬೆವರಿನ ಮಾತೇ ಇಲ್ಲ. ತಾಯಿ ಎಲ್ಲರಿಗೂ ಎರಡನೆಯ ಪುಟದೊಳಗೆ ಸತ್ತಿರುತ್ತಾಳೆ, ಎಲ್ಲಿಗೆ ಹೊರಟೆ ಎಂದು ಕೇಳುವವರು ಇರಬಾರದಲ್ಲ. ಒಬ್ಬಳಿಗೆ ಹೂವಿನ ಅಂಗಡಿಯಿದೆ, ಆ ದಪ್ಪ ಪುಸ್ತಕದ ಏಳೂ ಭಾಗ ಮುಗಿದರೂ ಒಂದು ದಿನ ಅದರ ಬಾಗಿಲು ತೆಗೆಯಲಿಲ್ಲ, ಹೂವು ಏನಾದವೋ. ಏಳು ಭಾಗದ ಕೊನೆಗೂ ಅವಳಿಗೆ ಇಪ್ಪತ್ತನಾಲ್ಕೇ ವರ್ಷ. ತಿಂಗಳಿಗೊಮ್ಮೆ ಹೆಂಗಸರೆಲ್ಲ ತೊಳೆದು ಮರೆಯಲ್ಲಿ ಒಣಗಿಸಿಕೊಳ್ಳುವ ರಕ್ತ ಇವರಿಗೆ ಗೊತ್ತೇ ಇಲ್ಲ, ಕತ್ತಿಯಿಂದ ಬಂದದ್ದೊಂದೇ ರಕ್ತ. ಗೆಳತಿ ಅಂತ ಒಬ್ಬಳಿದ್ದರೆ ಮೂರನೇ ಅಧ್ಯಾಯಕ್ಕೆ ಅವಳನ್ನು ಕೊಂದುಹಾಕುತ್ತಾರೆ, ಇವಳಿಗೆ ಸಿಟ್ಟು ಬರಲೆಂದು. ಮತ್ತೆ ಎಲ್ಲರ ಮೈಮೇಲೂ ಎಲ್ಲೋ ಒಂದು ಗುರುತು, ಶತ್ರು ಹತ್ತಿರ ಬಂದರೆ ನೀಲಿಯಾಗಿ ಹೊಳೆಯುವಂಥದ್ದು. ಅದು ಹೊಳೆಯುತ್ತದೆಯೇ ಹೊರತು ಒಂದು ದಿನವೂ ತುರಿಸುವುದಿಲ್ಲ. ಇದನ್ನೆಲ್ಲ ಕೇಳಿ ತಂಗಿಯ ಮಗಳು ಕೌಂಟರಿನ ಮೇಲೆ ತಲೆಯಿಟ್ಟು ನಕ್ಕಿದ್ದಳು. "ಹಾಗಾದ್ರೆ ನೀನೇ ಒಬ್ಬಳನ್ನ ಬರಿ ದೊಡ್ಡಮ್ಮ. ಮೊಣಕಾಲು ನೋವಿರೋಳು, ಬಟ್ಟೆ ಒಗೆಯೋಳು. ದೆವ್ವ ಬಂದ್ರೆ 'ಇರು, ಸೋಪಿನ ಕೈ' ಅನ್ನೋಳು."

ಅವಳು ತಮಾಷೆಗೆ ಹೇಳಿದ್ದು. ದೊಡ್ಡಮ್ಮ ಆಗಲೇ ಬರೆಯುತ್ತಿದ್ದಳೆಂದು ಹುಡುಗಿಗೆ ಗೊತ್ತಿರಲಿಲ್ಲ. ಉದ್ದನೆಯ ಗೆರೆಪುಸ್ತಕ, ಮಧ್ಯಾಹ್ನದ ಚಹಾದ ಹೊತ್ತಿಗೆ ಹತ್ತು ಸಾಲು, ಡ್ರೈಯರಿನ ಡ್ರಮ್ಮು ತಿರುಗಿ ನಿಲ್ಲುವುದರೊಳಗೆ ಇನ್ನೈದು. ಅವಳ ನಾಯಕಿ ಐವತ್ತು ದಾಟಿದವಳು, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಸತ್ತವರ ಬಟ್ಟೆಗಳ ಮಡಿಕೆಯಲ್ಲಿ ಅಡಗಿ ಕೂತು ಮನೆಯಿಂದ ಮನೆಗೆ ದಾಟುವ ಹೊಗೆಯವರನ್ನು ಹಿಡಿಯುವವಳು. ಮೊದಲ ಎರಡು ಅಧ್ಯಾಯ ಚೆನ್ನಾಗಿಯೇ ನಡೆದವು. ನಾಯಕಿ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡಳು, ಊಟದ ಡಬ್ಬಿ ಮನೆಯಲ್ಲಿ ಮರೆತಳು. ಮೂರನೆಯದರಲ್ಲಿ ಏನಾಯಿತೋ, ಪೆನ್ನು ತಾನೇ ಒಂದು ಕಡೆ ವಾಲತೊಡಗಿತು. ಹೊಗೆಯವನು ಓಡಿದ, ಇವಳು ಬೆನ್ನು ಹತ್ತಬೇಕು, ಮೊಣಕಾಲು ನೋವಿಟ್ಟುಕೊಂಡು ಎಷ್ಟು ದೂರ ಓಡಿಯಾಳು? ಒಂದು ಸಾಲಿನ ಮಟ್ಟಿಗೆ ನೋವು ಮರೆತಳೆಂದು ಬರೆದಳು. ಮುಂದಿನ ಪುಟದಲ್ಲಿ ನಾಯಕಿ ಮಾಳಿಗೆಯಿಂದ ಮಾಳಿಗೆಗೆ ಹಾರಿದಳು. ಐದನೆಯ ಅಧ್ಯಾಯದಲ್ಲಿ ಅವಳ ಬಲಗೈಯ ಬೆನ್ನಿನ ಮೇಲೆ, ಮಣಿಕಟ್ಟಿನಿಂದ ಕಿರುಬೆರಳಿನ ತನಕ ಒಂದು ಗುರುತು ಬಂತು. ಹುಟ್ಟುವಾಗಲೇ ಬಂದದ್ದು, ಯಾವುದೋ ದೇವತೆ ಮುಟ್ಟಿ ಕೊಟ್ಟದ್ದು ಎಂದು ಬರೆದಳು. ಅಕ್ಷರ ಅಷ್ಟು ಗುಂಡಗೆ ಯಾವತ್ತೂ ಬಿದ್ದಿರಲಿಲ್ಲ.

ಇವತ್ತು ಆ ಅಂಗಿಯ ಪ್ರಶ್ನೆಯನ್ನು ಎಲ್ಲಾದರೂ ಗುರುತು ಹಾಕಿಕೊಳ್ಳೋಣವೆಂದು ಬ್ರಶ್ಶುಗಳ ಗೂಡಿಗೆ ಕೈ ಹಾಕಿದಾಗ ಅಲ್ಲಿ ಗೆರೆಪುಸ್ತಕವಿರಲಿಲ್ಲ. ಸ್ಪಿರಿಟ್ಟಿನ ಬಾಟಲಿ ಇತ್ತು, ಸೀಮೆಸುಣ್ಣದ ಪುಡಿಯ ಡಬ್ಬ ಇತ್ತು. ಅವುಗಳ ಹಿಂದೆ, ಗೆರೆಪುಸ್ತಕ ಸುತ್ತಿಡುತ್ತಿದ್ದ ಬಿಳಿ ಟವೆಲ್ ಇರಬೇಕಾದ ಕಡೆ ಗೋಡೆಯ ಸುಣ್ಣ ಕಾಣುತ್ತಿತ್ತು. ಟವೆಲ್ ಎಂದು ನೆನೆದ ಕೂಡಲೇ ತಿಳಿಯಿತು. ಬೆಳಗ್ಗೆ ಮೇಜು ಒರೆಸುವಾಗ ಅದನ್ನು ಕೆಳಗಿಳಿಸಿದ್ದಳು, ನೂರ ಹದಿಮೂರನೆಯ ಪುಟದ ಚಂದ್ರನನ್ನು ಬೈದುಕೊಳ್ಳುತ್ತಾ ಕೈಗೆ ಸಿಕ್ಕಿದ್ದನ್ನೆಲ್ಲ ಮುಗಿದ ಬಟ್ಟೆಯ ಬುಟ್ಟಿಗೆ ಹಾಕಿದ್ದಳು. ಆ ಬುಟ್ಟಿಗೆ ಬಿದ್ದದ್ದನ್ನು ಮತ್ತೆ ಬಿಚ್ಚಿ ನೋಡುವ ಪದ್ಧತಿ ಇಲ್ಲ, ಸೀದಾ ಇಸ್ತ್ರಿಯವಳ ಮೇಜಿಗೆ ಹೋಗುತ್ತದೆ. ಅಲ್ಲಿ ಇಸ್ತ್ರಿಯವಳು ಪ್ರತಿಯೊಂದನ್ನೂ ಬೆಳಕಿಗೆ ಹಿಡಿಯುತ್ತಾಳೆ. ಕಲೆ ಪೂರ್ತಿ ಹೋಗಿರದಿದ್ದರೆ ಆ ಜಾಗಕ್ಕೆ ಒಂದು ಎಳೆ ಕೆಂಪು ದಾರ ಕಟ್ಟಿ ಹಿಂದಕ್ಕೆ ಕಳಿಸುತ್ತಾಳೆ. ಇದಕ್ಕೆ ಇನ್ನೂ ಬಿಸಿ ಮುಟ್ಟಿಸಿಲ್ಲ, ಮತ್ತೊಮ್ಮೆ ನೋಡು ಎಂದರ್ಥ. ಮೊದಲೆಲ್ಲ ವರ್ಷಕ್ಕೊಂದು ದಾರ ಬಂದರೆ ಹೆಚ್ಚು. ಈಗ ಕಣ್ಣು ಮಂಜಾಗಿ ಹೋದ ತಿಂಗಳೊಂದರಲ್ಲೇ ಮೂರು. ಆ ಮೂರನ್ನೂ ಇಸ್ತ್ರಿಯವಳು ಯಾರಿಗೂ ಕಾಣದ ಹಾಗೆ ಬುಟ್ಟಿಯ ತಳದಲ್ಲಿ ಮುಚ್ಚಿ ಕಳಿಸಿದ್ದಳು, ತುಟಿ ಪಿಟಕ್ಕೆನ್ನದೆ. ಬಾಯಿಬಿಟ್ಟು ಬೈದಿದ್ದರೆ ದೊಡ್ಡಮ್ಮನಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಐದನೆಯ ಅಧ್ಯಾಯದ ಆ ಗುರುತಿನ ಬಲಗೈ ನಿಜದಲ್ಲಿ ಇಸ್ತ್ರಿಯವಳದು. ಆ ಗುರುತು ಬಿದ್ದಾಗ ಅವಳಿಗೆ ಇಪ್ಪತ್ತೇಳು, ದೊಡ್ಡಮ್ಮನಿಗೆ ಮೂವತ್ತೆಂಟು. ಉಗಿಯ ಇಸ್ತ್ರಿಯಂತ್ರ ಆಗ ಹಳೆಯ ಮಾದರಿಯದು. ಕೆಳಗೆ ಮೆತ್ತೆ ಹಾಸಿದ ಹಲಗೆ, ಮೇಲೆ ಕಾದ ಕಬ್ಬಿಣದ ಮುಚ್ಚಳ, ಬುಡದಲ್ಲಿ ಉದ್ದಕ್ಕೂ ಒಂದು ಪಟ್ಟಿ. ಯಾವ ಕಡೆ ನಿಂತವರ ಕಾಲಿಗೂ ಪಟ್ಟಿ ಸಿಗುತ್ತಿತ್ತು. ಒತ್ತಿದರೆ ಮುಚ್ಚಳ ಬಾಯಿ ಮುಚ್ಚಿದಂತೆ ಇಳಿಯುತ್ತಿತ್ತು. ಅವತ್ತು ಅಗಲದ ಪರದೆಗಳು ಬಂದಿದ್ದವು, ಎಳೆದು ಹಿಡಿಯಲು ದೊಡ್ಡಮ್ಮನೂ ಬಂದು ಎದುರು ನಿಂತಿದ್ದಳು. ಬಾಯಿ ಸುಮ್ಮನಿರಲಿಲ್ಲ, ಕಥೆ ಹೇಳುತ್ತಿದ್ದಳು. ಆಗ ಪುಸ್ತಕಗಳಿರಲಿಲ್ಲ, ಕಥೆಯೆಲ್ಲ ಬಾಯಲ್ಲೇ ಹುಟ್ಟಿ ಬಾಯಲ್ಲೇ ಬೆಳೆಯುತ್ತಿತ್ತು. ಎತ್ತರದ ಕಟ್ಟಡವೊಂದರಲ್ಲಿ ಬಾಡಿಗೆಗೆ ಬಂದ ಹುಡುಗಿ, ಐದನೇ ಮತ್ತು ಆರನೇ ಅಂತಸ್ತಿನ ನಡುವೆ ಹಗಲು ಮಾತ್ರ ಕಾಣಿಸುವ ಒಂದು ಬಾಗಿಲು, ಅದರೊಳಗಿಂದ ಹುಡುಗಿಯದೇ ದನಿಯಲ್ಲಿ ಅವಳನ್ನು ಕರೆಯುವ ಯಾರೋ. ಇಸ್ತ್ರಿಯವಳು ಪರದೆಯ ಮಡಿಕೆ ಬಿಡಿಸಲೆಂದು ಹಲಗೆಯ ಮೇಲೆ ಕೈ ಚಾಚಿದ್ದಳು, ಕಣ್ಣು ಮಾತ್ರ ದೊಡ್ಡಮ್ಮನ ಮುಖದ ಮೇಲೆಯೇ ಇತ್ತು. ಹುಡುಗಿ ಒಳಗೆ ಕಾಲಿಟ್ಟಳು, ಬಾಗಿಲು ಹಿಂದಿನಿಂದ ಧಡ್ ಅಂತ ಮುಚ್ಚಿತು ಎಂದು ದೊಡ್ಡಮ್ಮ ಹೇಳಿದಳು. ಧಡ್ ಎನ್ನುವಾಗ, ಕಥೆ ಹೇಳುವವರು ಮಾಡುವ ಹಾಗೆ, ನೆಲಕ್ಕೆ ಕಾಲು ಅಪ್ಪಳಿಸಿದಳು. ಕಾಲ ಕೆಳಗೆ ಇದ್ದದ್ದು ನೆಲವಲ್ಲ.

ಲಾಂಡ್ರಿಯ ಯಜಮಾನರು ಓಡಿಬಂದು ಹೇಗಾಯಿತೆಂದು ಕೇಳಿದಾಗ ಬಾಯಿ ತೆರೆದದ್ದು ಇಸ್ತ್ರಿಯವಳೇ. "ನನ್ನ ಕಾಲೇ ತಗುಲಿತು." ಹಲ್ಲು ಕಚ್ಚಿಕೊಂಡು ಅಷ್ಟೇ ಹೇಳಿದಳು. ನೋವಿನಲ್ಲಿ ಅವಳಿಗೆ ನಿಜವಾಗಿ ಹಾಗೇ ಅನ್ನಿಸಿತೋ, ಗೊತ್ತಿದ್ದೂ ಹೇಳಿದಳೋ, ಈ ಇಪ್ಪತ್ತಾರು ವರ್ಷಗಳಲ್ಲಿ ದೊಡ್ಡಮ್ಮ ಎಷ್ಟೋ ಸಲ ಲೆಕ್ಕಹಾಕಿದ್ದಳು. ಆಸ್ಪತ್ರೆಗೆ ಪ್ರತಿದಿನ ಡಬ್ಬಿ ಕೊಂಡೊಯ್ದಿದ್ದಳು, ತುತ್ತು ಮಾಡಿ ತಿನ್ನಿಸಿದ್ದಳು. ಹೇಳಬೇಕೆಂದು ಹೋದ ದಿನವೆಲ್ಲ ದಾದಿ ಇರುತ್ತಿದ್ದಳು, ದಾದಿ ಇಲ್ಲದ ದಿನ ಇಸ್ತ್ರಿಯವಳು ನಿದ್ದೆ ಮಾಡುತ್ತಿದ್ದಳು. ಆಮೇಲೆ ಹೇಳುವ ದಿನವೇ ದಾಟಿಹೋಯಿತು. ಆವತ್ತಿನಿಂದ ದೊಡ್ಡಮ್ಮ ಬಾಯಲ್ಲಿ ಕಥೆ ಹೇಳಿದ್ದಿಲ್ಲ. ಪುಸ್ತಕದ ಹುಡುಗಿಯರ ಮೇಲೆ ಇಷ್ಟೊಂದು ತಕರಾರು ಎತ್ತಿದವಳಿಗೆ, ಅವರೆಲ್ಲರಲ್ಲೂ ಇದ್ದ ಒಂದು ಕೊರತೆ ಈಗ, ಖಾಲಿ ಗೂಡಿನ ಮುಂದೆ ನಿಂತಾಗ ಹೊಳೆಯಿತು. ಅವರು ಯಾರೂ ಸಣ್ಣ ತಪ್ಪು ಮಾಡುವುದಿಲ್ಲ. ಊರನ್ನು ಉಳಿಸಲು ಹೋಗಿ ಊರಿಗೇ ಬೆಂಕಿಯಿಟ್ಟಾರು, ಅದಕ್ಕೂ ದೊಡ್ಡ ಕಾರಣವಿರುತ್ತದೆ. ಕಥೆಯ ಹುಮ್ಮಸ್ಸಿನಲ್ಲಿ ಗೆಳತಿಯ ಕೈ ಸುಟ್ಟು, ಸುಮ್ಮನಿದ್ದುಬಿಟ್ಟವಳು ಅವರಲ್ಲಿ ಒಬ್ಬಳೂ ಇಲ್ಲ. ಅವಳನ್ನು ಎಲ್ಲಿ ಮುಚ್ಚಿಡುತ್ತಾರೆ? ತಾನು ಮುಚ್ಚಿಟ್ಟ ಜಾಗ ಗೊತ್ತಿತ್ತು. ಐದನೆಯ ಅಧ್ಯಾಯ, ದೇವತೆ ಮುಟ್ಟಿದಳು ಎಂಬ ಸಾಲಿನ ಕೆಳಗೆ.

ಹೋಗಿ ಟವೆಲ್ ಕೊಡೆಂದು ಕೇಳಬಹುದಿತ್ತು. ಎರಡು ಸಲ ಬಾಗಿಲವರೆಗೆ ಹೋದಳು. ಉಗಿಯ ನಡುವೆ ಇಸ್ತ್ರಿಯವಳ ಬೆನ್ನು ಕಾಣುತ್ತಿತ್ತು, ಯಾವುದೋ ಮದುಮಗಳ ಉಡುಪಿನ ನೆರಿಗೆಗಳಲ್ಲಿ ಮುಳುಗಿದ್ದಳು. ಇನ್ನೂ ಬುಟ್ಟಿಯ ತಳ ಮುಟ್ಟಿರಲಿಕ್ಕಿಲ್ಲ ಎಂದುಕೊಂಡು ಎರಡು ಸಲವೂ ಹಿಂದಿರುಗಿ ಬಂದು, ಬಂದ ಹಾಗೆಯೇ ಒಂದು ಟೈಯ ಎಣ್ಣೆಯ ಮೇಲೆ ಪುಡಿ ಉದುರಿಸಿದಳು. ಊಟದ ಹೊತ್ತಿಗೆ ಡಬ್ಬಿ ಹಿಡಿದುಕೊಂಡು ಹೋದಾಗ, ಹೊಸ್ತಿಲು ದಾಟುವ ಮೊದಲೇ ತನ್ನ ವಾಕ್ಯಗಳು ತಂಗಿಯ ಮಗಳ ದನಿಯಲ್ಲಿ ಕೇಳಿದವು. ಟವೆಲ್ ಮಡಿಸಿ ಪಕ್ಕಕ್ಕಿಟ್ಟಿತ್ತು. ಹುಡುಗಿ ಇಸ್ತ್ರಿಮೇಜಿನ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು.

"ಬಾ ದೊಡ್ಡಮ್ಮ, ಬಾ. ಕಳ್ಳಿ ನೀನು. ಒಂದು ಮಾತು ಹೇಳಲಿಲ್ಲವಲ್ಲ" ಎಂದಳು ಹುಡುಗಿ.

"ನಾನೇ ಓದಿಸಿದ್ದು ಅಕ್ಕ" ಎಂದಳು ಇಸ್ತ್ರಿಯವಳು. "ಕನ್ನಡಕ ಮನೇಲಿದೆ. ಯಾರದ್ದೋ ಗಿರಾಕಿದು ಇರಬೇಕು, ಹೆಸರು ನೋಡೇ ಅಂತ ಕೊಟ್ಟೆ. ಎರಡು ಸಾಲಿಗೆ ನಿನ್ನ ದನಿ ಕೇಳಿಸ್ತು."

"ಅದೇನೂ ಅಲ್ಲ, ಸುಮ್ಮನೆ ಗೀಚಿದ್ದು. ಕೊಡಿಲ್ಲಿ."

"ಇರು, ಅವಳು ಹಾರ್ತಾ ಇದ್ದಾಳೆ. ಐವತ್ತಾಗಿದೆ ಅಂತೀಯ, ಮಾಳಿಗೆಯಿಂದ ಮಾಳಿಗೆಗೆ ಹಾರ್ತಾಳೆ. ಮೊಣಕಾಲು ಯಾವ ಅಂಗಡೀಲಿ ತಗೊಂಡ್ಲು ಅಂತ ಕೇಳು, ನಂಗೂ ಒಂದು ಜೊತೆ ಬೇಕು" ಎಂದಳು ಇಸ್ತ್ರಿಯವಳು.

ಹುಡುಗಿ ನಕ್ಕಳು, ದೊಡ್ಡಮ್ಮನೂ ನಕ್ಕಂತೆ ಮಾಡಿ ಸ್ಟೂಲಿನ ಮೇಲೆ ಕೂತಳು. ಡಬ್ಬಿಯ ಮುಚ್ಚಳ ತೆಗೆಯಲು ಬರಲಿಲ್ಲ. ಓದು ಮುಂದುವರಿಯಿತು. ನಾಲ್ಕನೇ ಅಧ್ಯಾಯ ಮುಗಿಯಿತು, ಐದನೆಯದರ ಮೊದಲ ಪುಟ ತಿರುವಿದ ಸದ್ದಾಯಿತು. ಸಾಕು ನಿಲ್ಲಿಸೇ ಅನ್ನಬೇಕೆಂದು ದೊಡ್ಡಮ್ಮನಿಗೆ ಅನ್ನಿಸಿತು. ಅದರ ಜೊತೆಗೇ, ಎಂಥ ವಿಚಿತ್ರ, ಆ ಸಾಲು ಬಾಯಿಬಿಟ್ಟು ಓದಿದರೆ ಹೇಗೆ ಕೇಳಿಸೀತು ಎಂಬ ಕುತೂಹಲವೂ ಎದ್ದು ಅವಳನ್ನು ಅಲ್ಲೇ ಕೂರಿಸಿತು. ಹುಡುಗಿ ರಾಗವಾಗಿ ಓದಿದಳು. ಮಣಿಕಟ್ಟಿನಿಂದ ಕಿರುಬೆರಳಿನ ತನಕ, ಬಳ್ಳಿ ಹಬ್ಬಿದ ಹಾಗೆ, ದೇವತೆ ಮುಟ್ಟಿದ ಗುರುತು. ಓದುತ್ತಿದ್ದವಳಿಗೇನೂ ಗೊತ್ತಿರಲಿಲ್ಲ, ಅವಳು ಹುಟ್ಟುವ ಮೊದಲೇ ಇಸ್ತ್ರಿಯವಳ ಕೈ ಹಾಗಾಗಿತ್ತು. ಇಸ್ತ್ರಿಯವಳು ತುತ್ತು ಎತ್ತಿದ ಬಲಗೈಯನ್ನು ಡಬ್ಬಿಗೇ ಇಳಿಸಿದಳು. ಕೈಯ ಬೆನ್ನನ್ನು ಒಂದು ಗಳಿಗೆ ನೋಡಿದಳು, ಗಿರಾಕಿಯ ಬಟ್ಟೆ ನೋಡುವ ಹಾಗೆ, ಬೆಳಕಿಗೆ ಸ್ವಲ್ಪ ಓರೆ ಮಾಡಿ.

"ಹೊಳೆಯುತ್ತಾ ಅದು?"

"ಹೂಂ ಚಿಕ್ಕಮ್ಮ. ನೀಲಿಯಾಗಿ."

"ನೋವಾಗಲ್ವಂತಾ?"

ಹುಡುಗಿ ಪುಟದ ಮೇಲೆ ಬೆರಳಾಡಿಸಿದಳು. "ನೋವಿನ ವಿಷಯ ಬರೆದಿಲ್ಲ."

"ಹೂಂ" ಎಂದಳು ಇಸ್ತ್ರಿಯವಳು. ಮುಂದೆ ಊಟ ಮಾಡಿದಳು, ನಿಧಾನವಾಗಿ, ಡಬ್ಬಿ ಖಾಲಿಯಾಗುವವರೆಗೂ. ಕೌಂಟರಿನಲ್ಲಿ ಯಾರೋ ಗಂಟೆ ಒತ್ತಿದರು, ಹುಡುಗಿ ಪುಸ್ತಕ ಇಟ್ಟು ಓಡಿದಳು. ಇಬ್ಬರೇ ಉಳಿದಾಗ ದೊಡ್ಡಮ್ಮ ಪುಸ್ತಕಕ್ಕೆ ಕೈ ಚಾಚಿದಳು. ಇಸ್ತ್ರಿಯವಳು ಅದನ್ನು ಟವೆಲಿನಲ್ಲಿ ಸುತ್ತಿ ತನ್ನ ಕಡೆಯ ಗೂಡಿನಲ್ಲಿಟ್ಟಳು. "ಬುಟ್ಟಿಗೆ ಬಂದಿದ್ದು ಬುಟ್ಟೀಲೇ ಹೋಗಲಿ ಅಕ್ಕ" ಎಂದು ಹೇಳಿ, ನೀರಿನ ಲೋಟ ತೊಳೆಯಲು ಹೋದಳು.

ಅಲ್ಲಿಂದ ಮೂರು ಗಂಟೆಯವರೆಗಿನ ಹೊತ್ತು ದೊಡ್ಡಮ್ಮನಿಗೆ ಒಂದು ಮಗುವಿನ ಲಂಗದ ಮಸಿಯೊಳಗೆ ಕಳೆಯಿತು. ಸ್ಪಿರಿಟ್ಟಿನಲ್ಲಿ ಮಸಿ ಬಿಡುತ್ತದೆ, ಬಿಡುವಾಗ ಮೊದಲು ದೊಡ್ಡದಾಗುತ್ತದೆ. ಹೊಸದಾಗಿ ಕೆಲಸಕ್ಕೆ ಬಂದವರು ಅಲ್ಲೇ ಹೆದರಿ ನಿಲ್ಲಿಸುತ್ತಾರೆ. ಅವಳೂ ಮೊದಲ ವರ್ಷ ಹಾಗೆ ನಿಲ್ಲಿಸಿ ಒಂದು ರೇಷ್ಮೆಯನ್ನು ಹಾಳುಮಾಡಿದ್ದಳು. ಇಸ್ತ್ರಿಯವಳು ನಾಳೆಯಿಂದ ತನ್ನ ಜೊತೆ ಊಟಕ್ಕೆ ಕೂರದಿದ್ದರೆ ಎಂದು ಯೋಚಿಸಿದಳು. ಎದುರಾಬದುರು ಕೂತು ಉಂಡ ಊಟಗಳು ಎಷ್ಟಾಗಿರಬಹುದು, ಅವುಗಳ ಕೆಳಗೆಲ್ಲ ಈ ಒಂದು ಮಾತು ಚಪ್ಪಟೆಯಾಗಿ ಮಲಗಿತ್ತು. ಬುಟ್ಟಿ ಬಂತು. ಮೇಲೊಂದು ಮೇಜುಹಾಸು, ಅದರ ಕೆಳಗೆ ದಿಂಬಿನ ಚೀಲ, ತಳದಲ್ಲಿ ಟವೆಲ್. ಬಿಚ್ಚಿದಳು. ಗೆರೆಪುಸ್ತಕದ ಒಂದು ಪುಟದ ಅಂಚಿಗೆ ಸೂಜಿಯಿಂದ ಒಂದು ತೂತು ಚುಚ್ಚಿ, ಒಂದು ಎಳೆ ಕೆಂಪು ದಾರ ಪೋಣಿಸಿ, ಬಿಗಿಯಾಗಿ ಗಂಟು ಹಾಕಿತ್ತು. ಯಾವ ಪುಟವೆಂದು ತೆರೆದು ನೋಡುವ ಅಗತ್ಯವೇ ಇರಲಿಲ್ಲ. ಆದರೂ ತೆರೆದಳು. ಗುಂಡಗಿನ ಅಕ್ಷರಗಳು ಹಾಗೇ ಇದ್ದವು. ದಾರ ಬಂದರೆ ಅವಳಿಗೆ ಪ್ರತಿಸಲ ಕಿವಿ ಬಿಸಿಯಾಗುತ್ತಿತ್ತು, ಇವತ್ತು ಆಗಲಿಲ್ಲ. ಇನ್ನೂ ಬಿಸಿ ಮುಟ್ಟಿಸಿಲ್ಲ, ಮತ್ತೊಮ್ಮೆ ನೋಡು. ಇಷ್ಟು ವರ್ಷವೂ ಇಸ್ತ್ರಿಯವಳು ಈ ಕಲೆಗೆ ಬಿಸಿ ಮುಟ್ಟಿಸದೆ ಹಾಗೇ ಇಟ್ಟಿದ್ದಳೇ? ಪುಸ್ತಕವನ್ನು ಕಂಕುಳಲ್ಲಿ ಹಿಡಿದುಕೊಂಡು ದೊಡ್ಡಮ್ಮ ಉಗಿಯೊಳಗೆ ನಡೆದಳು.

ಇಸ್ತ್ರಿಯವಳು ತಿರುಗಿ ನೋಡಲಿಲ್ಲ. ಅಂಗಿಯೊಂದರ ಕೊರಳಪಟ್ಟಿ ಎಳೆಯುತ್ತಿದ್ದಳು.

"ಅವತ್ತಿನ ಕಾಲು ನಂದು" ಎಂದಳು ದೊಡ್ಡಮ್ಮ.

"ಗೊತ್ತು."

"ಯಾವಾಗಿಂದ?"

"ಯಾವಾಗಿಂದ ಅಂದ್ರೆ? ನನ್ನ ಕಾಲು ಎಲ್ಲಿತ್ತು ಅಂತ ನಂಗೆ ಗೊತ್ತಿರಲ್ವಾ? ಸೊಳ್ಳೆ ಕಚ್ಚಿತ್ತು. ಒಂದು ಕಾಲಲ್ಲಿ ಇನ್ನೊಂದು ಕಾಲು ಕೆರ್ಕೋತಾ ಕೊಕ್ಕರೆ ಹಾಗೆ ನಿಂತಿದ್ದೆ."

ಇಪ್ಪತ್ತಾರು ವರ್ಷ ದೊಡ್ಡಮ್ಮ ಹಾಕಿದ್ದ ಲೆಕ್ಕಗಳಲ್ಲಿ ಸೊಳ್ಳೆ ಇರಲಿಲ್ಲ. "ಮತ್ತೆ ಯಾಕೆ ಹಾಗಂದೆ ಯಜಮಾನರ ಹತ್ರ?"

"ನಿನ್ನನ್ನ ಮನೆಗೆ ಕಳಿಸಿಬಿಡ್ತಿದ್ರು. ಆಗ ನಿನ್ನ ತಂಗೀನೂ ನಿನ್ನ ಕೈ ನೋಡ್ತಿದ್ಲು." ಇಸ್ತ್ರಿಯವಳು ಅಂಗಿಯನ್ನು ಹ್ಯಾಂಗರಿಗೆ ತೂಗುಹಾಕಿದಳು. "ಸಿಟ್ಟು ಬರಲಿಲ್ಲ ಅಂತ ತಿಳ್ಕೋಬೇಡ. ಎರಡು ವರ್ಷ ನಿನ್ನ ಚಪ್ಪಲಿ ಸದ್ದು ಕೇಳಿದ್ರೆ ಮೈ ಉರೀತಿತ್ತು. ಹೇಳ್ತಾಳೆ, ಇವತ್ತು ಹೇಳ್ತಾಳೆ ಅಂತ ಕಾಯ್ತಿದ್ದೆ. ನೀನು ತುತ್ತು ಮಾಡಿ ತಿನ್ನಿಸ್ತಿದ್ದೆ. ಬಾಯಿ ತುಂಬ ಅನ್ನ ಇಟ್ಕೊಂಡು ಯಾರನ್ನ ಬೈಯೋದು? ಆಮೇಲೆ ಸಿಟ್ಟೂ ಹಳೇದಾಯ್ತು." ಬಲಗೈ ಚಾಚಿ ತೋರಿಸಿದಳು. "ಇದು ಹೊಳೆಯಲ್ಲ ಅಕ್ಕ. ಚಳಿ ಬಂದ್ರೆ ಎಳೆಯುತ್ತೆ. ಈ ಎರಡು ಬೆರಳಿಗೆ ಗುಂಡಿ ಹಾಕಕ್ಕೆ ಬರಲ್ಲ, ಇವತ್ತಿಗೂ ಗಂಡನೇ ಹಾಕಬೇಕು, ಮುದುಕ ಬೇಕಂತಲೇ ನಿಧಾನ ಮಾಡ್ತಾನೆ. ಅದನ್ನ ಬರಿ. ದೇವತೆ ಮುಟ್ಟಿದ್ಲಂತೆ. ಯಾವ ದೇವತೆ, ಹವಾಯಿ ಚಪ್ಪಲಿ ಹಾಕ್ಕೊಂಡಿದ್ದ ದೇವತೆ."

ದೊಡ್ಡಮ್ಮ ಆ ಕೈಯನ್ನು ಹಿಡಿದುಕೊಂಡಳು. ಇಷ್ಟು ವರ್ಷ ಅದರ ಪಕ್ಕದಲ್ಲೇ ಇದ್ದೂ ಮುಟ್ಟಿರಲಿಲ್ಲ. ಬಳ್ಳಿ ಹಬ್ಬಿದ ಹಾಗೆ ಇರಲಿಲ್ಲ ಅದು. ಪರದೆಯ ನೇಯ್ಗೆ ಅಚ್ಚೊತ್ತಿದ ಸಣ್ಣ ಸಣ್ಣ ಚೌಕಗಳು, ಬೆರಳ ತುದಿಗೆ ಒಂದೊಂದಾಗಿ ಸಿಗುತ್ತಿದ್ದವು, ಕಿರುಬೆರಳ ಬುಡದಲ್ಲಿ ಮಾತ್ರ ನುಣುಪು. ಎಷ್ಟು ಚೌಕಗಳಿವೆ ಎಂದು ತಿಳಿಯುವ ಆಸೆ ಅವಳಿಗೆ, ಅಳುವ ಹೊತ್ತಿನಲ್ಲಿ, ತಡೆಯಲಾಗದೆ ಬಂತು. ಇಸ್ತ್ರಿಯವಳು ಎಣಿಸಲು ಬಿಟ್ಟಳು. ಆಮೇಲೆ ಕೈ ಬಿಡಿಸಿಕೊಂಡು ಇನ್ನೊಂದು ಅಂಗಿ ಹರಡಿದಳು.

"ಕೈ ಹೋಗಲಿ. ನಂಗೆ ಒಂದು ವಿಷಯಕ್ಕೆ ಮಾತ್ರ ನಿನ್ನ ಮೇಲೆ ಇವತ್ತಿಗೂ ಸಿಟ್ಟಿದೆ."

"ಏನು?"

"ಆ ಹುಡುಗಿ ಒಳಗೆ ಹೋದ್ಲು. ಬಾಗಿಲು ಧಡ್ ಅಂತು. ಒಳಗೆ ಇದ್ದೋರು ಯಾರು?"

ದೊಡ್ಡಮ್ಮನಿಗೆ ಎಲ್ಲವೂ ನೆನಪಿತ್ತು. ಐದನೇ ಅಂತಸ್ತು, ಮೆಟ್ಟಿಲ ಮೇಲಿನ ಹಗಲ ಬೆಳಕು, ಹುಡುಗಿಯ ಕೈಯಲ್ಲಿದ್ದ ಬೀಗದ ಕೈ, ಎಲ್ಲ ಬಿಟ್ಟ ಕಡೆಯೇ ನಿಂತಿದ್ದವು. ಒಳಗೆ ಯಾರಿದ್ದಾರೆಂದು ಅವಳಿಗೆ ಅವತ್ತೂ ಗೊತ್ತಿರಲಿಲ್ಲ, ಹೇಳುತ್ತಾ ಹೋದರೆ ತಿಳಿಯುತ್ತಿತ್ತು. ಗೆರೆಪುಸ್ತಕವನ್ನು ಮಡಿಸಿದ ಟವೆಲಿನ ಮೇಲಿಟ್ಟಳು. ಯಂತ್ರದಿಂದ ಒಂದು ಮಾರು ದೂರಕ್ಕೆ ಸ್ಟೂಲನ್ನು ಎಳೆದುಕೊಂಡು ಕೂತಳು. ಚಪ್ಪಲಿ ಬಿಟ್ಟು, ಎರಡೂ ಕಾಲುಗಳನ್ನು ನೆಲದಿಂದ ಎತ್ತಿ ಸ್ಟೂಲಿನ ಅಡ್ಡಪಟ್ಟಿಯ ಮೇಲಿಟ್ಟುಕೊಂಡಳು.

"ಒಳಗೆ ತುಂಬ ಕತ್ತಲೆ" ಎಂದು ಶುರುಮಾಡಿದಳು.